ಹನ್ನೆರಡನೆಯ ಕುರ್ಚಿ

ಬ್ರಹ್ಮಾವರ
25 ನವೆಂಬರ್ 2001, ಭಾನುವಾರ

ಕಮಲಮ್ಮನವರಿಗೆ,

ಸಂಜೆ ಆರೂವರೆ ಗಂಟೆ. ಬೆಳಿಗ್ಗೆ ಚರ್ಚಿಗೆ ಹೋಗಿ ಬಂದೆ. ಮಧ್ಯಾಹ್ನ ಗಂಜಿ ಕುಡಿದು ಮಲಗಿದೆ, ನಿದ್ರೆ ಬರಲಿಲ್ಲ. ನಾಲ್ಕು ಗಂಟೆಯ ಬಸ್ಸಿನ ಕಂಡಕ್ಟರ್ ನೀವು ಕೊಟ್ಟ ಚೀಲ ತಂದುಕೊಟ್ಟ. ನನ್ನ ಮಗ ಲುದ್ವಿನನ ಎರಡು ಅಂಗಿ, ಮೈ ಒರೆಸುವ ಒಂದು ಬೈರಾಸು, ಸ್ಪ್ಯಾನರುಗಳು ಎಲ್ಲ ಸರಿಯಾಗಿವೆ. ಅಂಗಿಗಳನ್ನು ಒಗೆದು ಇಸ್ತ್ರಿ ಮಾಡಿ ಕಳುಹಿಸಿದ್ದೀರಿ. ಒಗೆಯದೆ ಕಳುಹಿಸಿದ್ದರೆ ಚೆನ್ನಾಗಿತ್ತು. ನಿಮಗೆ ಅದು ಹೊಳೆದಿರಲಿಕ್ಕಿಲ್ಲ.

ಚೀಲ ಸಿಕ್ಕಿದೆ ಎಂದು ತಿಳಿಸಲು ಈ ಪತ್ರ. ಬೇರೆ ಏನು ಬರೆಯಬೇಕೆಂದು ತಿಳಿಯುವುದಿಲ್ಲ. ದಿನದ ಸಂಗತಿ ಬರೆದಿಡುವ ಅಭ್ಯಾಸ ನನಗೆ ಏಳನೇ ಕ್ಲಾಸಿನಿಂದ ಇದೆ. ಅದನ್ನೇ ನಿಮಗೂ ಬರೆಯುತ್ತೇನೆ.

ಇವತ್ತು ನಮ್ಮಲ್ಲಿ ಕ್ರಿಸ್ತರಾಜರ ಹಬ್ಬ. ಏಸುವನ್ನು ಅರಸು ಎಂದು ಕರೆದು ಮೆರವಣಿಗೆ ಮಾಡುತ್ತೇವೆ. ಚರ್ಚಿನೊಳಗೆ ಬಲಗಡೆ ಅವರ ದೊಡ್ಡ ಮೂರ್ತಿ ಇದೆ. ತಲೆಯ ಮೇಲೆ ಕಿರೀಟ, ಅಂಗೈಯಲ್ಲಿ ಭೂಮಿಯ ಉಂಡೆ. ಕಳೆದ ವರ್ಷ ಮೆರವಣಿಗೆಯಲ್ಲಿ ಲುದ್ವಿನ ಕೊಡೆ ಹಿಡಿದಿದ್ದ. ಈ ವರ್ಷ ಎಲ್ಲರೂ ಅರಸನಿಗೆ ಜಯ ಎಂದು ಕೂಗುವಾಗ ನನ್ನ ಬಾಯಿ ತೆರೆಯಲಿಲ್ಲ. ಭೂಮಿಯನ್ನೇ ಹಿಡಿದವನಿಗೆ ಅಳಿವೆಯ ಒಂದು ತೆರೆ ಹಿಡಿಯಲು ಆಗಲಿಲ್ಲವೇ ಎಂದು ಮೂರ್ತಿಯನ್ನೇ ನೋಡುತ್ತ ನಿಂತೆ.

ನಿಮ್ಮ ಯಜಮಾನರು ಸೆಪ್ಟೆಂಬರಿನಲ್ಲಿ ನನ್ನ ಅಂಗಳದಲ್ಲಿ ನಿಂತು ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಅಂವ ಇಂಜಿನ್ ಸರಿ ಇಲ್ಲೆ, ಬ್ಯಾಡ ಅಂದಿದ್ದ. ನಾನೇ ಹೋಪ ಅಂದೆ." ಬೋಟು ನಡೆಸುವ ತಂಡೇಲನೇ ಅಲ್ಲಿ ಅರಸು, ಅವನ ಮಾತೇ ಕೊನೆಯ ಮಾತು ಎಂದು ಲುದ್ವಿನ ಯಾವಾಗಲೂ ಹೇಳುತ್ತಿದ್ದ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಇಂಜಿನ್ ನಿಂತಿತು, ಬೋಟು ಮಗುಚಿತು, ಉಳಿದವರೆಲ್ಲ ಈಜಿದರು. ಅವನು ಕೆಳಗೆ ಇಂಜಿನಿನ ಹತ್ತಿರ ಇದ್ದ.

ನಾಳೆ ಮದುವೆ ಮನೆಯ ರವಿಕೆಗಳನ್ನು ಹೊಲಿದು ಕೊಡಬೇಕು.

ಇತಿ,
ಸೆರಪಿನ್ ಬಾಯಿ


ಬೈಂದೂರು
9 ಡಿಸೆಂಬರ್ 2001

ಬಾಯಮ್ಮನವರಿಗೆ ಕಮಲ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಬಂತು. ಅಂಗಿ ಒಗೆದದ್ದು ತಪ್ಪಾಯಿತು. ನಮ್ಮಲ್ಲಿ ಹಾಗೆ ಕೊಳೆ ಅಂಗಿ ಕಳುಹಿಸಿದರೆ ಜನ ಆಡಿಕೊಳ್ಳುತ್ತಾರೆ, ಅದಕ್ಕೆ ಒಗೆದೆ.

ಮೀನಿನ ಕಾಲದಲ್ಲಿ ಅವನು ನಮ್ಮ ಚಾವಡಿಯಲ್ಲೇ ಮಲಗುತ್ತಿದ್ದದ್ದು ನಿಮಗೆ ಗೊತ್ತು. ನನ್ನನ್ನು ಕಮಲಕ್ಕ ಎನ್ನುತ್ತಿದ್ದ. "ಕಮಲಕ್ಕ, ನಿಮ್ಮ ಸಾರಿಗೆ ಹುಳಿ ಹಾಕುಕೆ ಬತ್ತಿಲ್ಯಾ?" ಎಂದು ದಿನಾ ತಗಾದೆ ತೆಗೆಯುತ್ತಿದ್ದ. ನಮ್ಮ ಬದಿಯ ಮಾತನ್ನು ನಮಗಿಂತ ಚೆನ್ನಾಗಿ ಆಡುತ್ತಿದ್ದ. ನಿಮ್ಮ ಮುಂದೆ ನಾನು ಅವನ ವಿಷಯ ಬರೆಯುವುದು ಸರಿಯಲ್ಲ, ನಿಲ್ಲಿಸುತ್ತೇನೆ.

ಇವರು ಕಡಲಿಗೆ ಹೋಗುವುದಿಲ್ಲ. ಬೋಟನ್ನು ಈಗ ಬೇರೆಯವರು ನಡೆಸುತ್ತಾರೆ. ಬೆಳಿಗ್ಗೆ ಎದ್ದು ಕಡಲ ಬದಿಗೆ ಹೋಗಿ ಕೂರುತ್ತಾರೆ, ಸಂಜೆ ನಾನು ಹೋಗಿ ಕರೆದು ತರುತ್ತೇನೆ. ಎರಡು ತುತ್ತು ತಿಂದು ಕೈ ತೊಳೆಯುತ್ತಾರೆ. ಮೊದಲು ಇವರು ಒಂದು ಕೂಗು ಹಾಕಿದರೆ ಬೋಟಿನ ಜನ ಅಷ್ಟೂ ಏಳುತ್ತಿದ್ದರು. ಈಗ ಬೆಕ್ಕು ಬಂದು ಇವರ ಬಟ್ಟಲಿಗೆ ಬಾಯಿ ಹಾಕಿದರೂ ಸುಮ್ಮನೆ ನೋಡುತ್ತಾರೆ.

ಊರಿನವರು ಬಂದು, ನಿಂದೆಂತ ತಪ್ಪಿಲ್ಲೆ, ಕಡ್ಲಿನ್ ಮೇಲೆ ಆಪ್ದೇ ಹಾಂಗೆ ಎಂದು ಸಮಾಧಾನ ಹೇಳುತ್ತಾರೆ. ಅದು ಇವರಿಗೆ ತಾಗುವುದೇ ಇಲ್ಲ. "ಆ ಅಬ್ಬೆ ಒಂದ್ ಮಾತ್ ಬೈಲಿಲ್ಲೆ ಕಾಣ್" ಎನ್ನುತ್ತಾರೆ, ಅಷ್ಟೇ. ಬಾಯಮ್ಮ, ನಿಮ್ಮ ಬಾಯಿಂದ ಒಂದು ಮಾತು ಬರಲಿ. ಬೈಗಳಾದರೂ ಆದೀತು. ಅದು ಬಂದರೆ ಇವರು ಊಟ ಮಾಡಿಯಾರು ಎಂದು ನನಗೆ ಅನಿಸುತ್ತದೆ.

ಕಂಡಕ್ಟರನ ಕೈಯಲ್ಲಿ ಒಣ ಸಿಗಡಿ ಕಳುಹಿಸಿದ್ದೇನೆ. ಬೇಡ ಎನ್ನಬೇಡಿ.

ಇತಿ ನಿಮ್ಮ
ಕಮಲ


ಬ್ರಹ್ಮಾವರ
6 ಜನವರಿ 2002, ಭಾನುವಾರ

ಕಮಲಮ್ಮನವರಿಗೆ,

ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಬಾವಿಕಟ್ಟೆ ತೊಳೆದೆ. ಕ್ರಿಸ್ಮಸ್ ಕಳೆಯಿತು. ಈ ಸಲ ಏಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟಲಿಲ್ಲ, ಕುಸ್ವಾರ್ ತಿಂಡಿ ಮಾಡಲಿಲ್ಲ. ನೆರೆಯವರು ತಂದುಕೊಟ್ಟದ್ದು ಡಬ್ಬಿಯಲ್ಲಿ ಹಾಗೇ ಇದೆ.

ಒಣ ಸಿಗಡಿ ಸಿಕ್ಕಿತು. ಪಕ್ಕದ ಮನೆಗೆ ಕೊಟ್ಟೆ. ಇನ್ನು ಏನನ್ನೂ ಕಳುಹಿಸಬೇಡಿ.

ಪೊಲೀಸರು ಬಂದು ಕೇಳಿದಾಗ ನಾನು ದೂರು ಕೊಡಲಿಲ್ಲ. ಮುಂದೆಯೂ ಕೊಡುವುದಿಲ್ಲ. ಆ ಹೆದರಿಕೆಯಿಂದ ನೀವು ಬರೆಯುತ್ತಿದ್ದರೆ ನಿಶ್ಚಿಂತರಾಗಿರಿ. ನಿಮ್ಮ ಯಜಮಾನರು ಊಟ ಮಾಡದಿದ್ದರೆ ಡಾಕ್ಟರಿಗೆ ತೋರಿಸಿ. ನನ್ನ ಮಾತು ಮದ್ದಲ್ಲ. ಬೈಯುವುದಕ್ಕೂ ಮೈಯಲ್ಲಿ ಶಕ್ತಿ ಬೇಕು.

ನಾಳೆ ಹೊಲಿಗೆ ಮಿಷನ್ನಿನ ಬೆಲ್ಟು ಹಾಕಿಸಬೇಕು.

ಸೆರಪಿನ್ ಬಾಯಿ


ಬೈಂದೂರು
15 ಜನವರಿ 2002

ಬಾಯಮ್ಮನವರಿಗೆ,

ಕೇಸಿನ ಹೆದರಿಕೆಯಿಂದ ಬರೆದದ್ದಲ್ಲ. ನೀವು ಹಾಗೆ ತಿಳಿಯಬಹುದು ಎಂದು ನನಗೆ ಮೊದಲೇ ಹೊಳೆಯಬೇಕಿತ್ತು.

ಒಂದು ಸಂಗತಿ ನಿಮಗೆ ಬರೆದಿರಲಿಲ್ಲ. ಬರೆಯಲು ನಾಚಿಕೆಯಾಯಿತು. ಡಿಸೆಂಬರಿನಲ್ಲಿ ಒಂದು ದಿನ ಇವರು ಅಂಗಿ ತೊಟ್ಟುಕೊಂಡೇ ಕಡಲಿಗೆ ಇಳಿದು ಹೋದರು. ಬಲೆ ಎಳೆಯುವವರು ಕಂಡು ಹಿಡಿದು ತಂದರು. ಕಾಲು ತೊಳೆಯಲು ಇಳಿದೆ ಎಂದು ಇವರು ಹೇಳಿದರು. ಯಾರೂ ನಂಬಲಿಲ್ಲ, ಆದರೆ ನಂಬಿದ ಹಾಗೆ ಇದ್ದೇವೆ. ಆ ಮೇಲೆ ನಾನು ಮೀನು ಮಾರಲು ಹೋಗುವಾಗ ಅತ್ತೆ ಇವರನ್ನು ಕಾಯುತ್ತಾರೆ, ನಾನು ಬಂದ ಮೇಲೆ ನಾನು ಕಾಯುತ್ತೇನೆ. ಡಾಕ್ಟರಿಗೂ ತೋರಿಸಿದೆ. ನಿದ್ರೆಯ ಮಾತ್ರೆ ಕೊಟ್ಟಿದ್ದಾರೆ.

ನಿಮಗೆ ಮಗನೇ ಹೋಗಿದ್ದಾನೆ. ನಿಮ್ಮ ಹತ್ತಿರ ನನ್ನ ಗಂಡನನ್ನು ಉಳಿಸಿಕೊಡಿ ಎಂದು ಕೇಳುವುದು ಯಾವ ಮುಖದಲ್ಲಿ? ಆದರೂ ಕೇಳಿದೆ. ಬೇಡವಾದರೆ ಉತ್ತರ ಬರೆಯಬೇಡಿ, ನಾನು ತಿಳಿದುಕೊಳ್ಳುತ್ತೇನೆ.

ಕಮಲ


ಬ್ರಹ್ಮಾವರ
17 ಮಾರ್ಚ್ 2002, ಭಾನುವಾರ

ಕಮಲ ಅವರಿಗೆ,

ಸಂಜೆ ಐದು ಗಂಟೆ. ಇವತ್ತು ಬಹಳ ಸೆಕೆ. ಪೂಜೆಯಿಂದ ಬಂದು ಚಾಪೆ ಹಾಸಿ ಮಲಗಿದವಳು ಈಗ ಎದ್ದೆ.

ಎರಡು ತಿಂಗಳು ಉತ್ತರ ಬರೆಯಲಿಲ್ಲ. ನಿಮ್ಮ ಪತ್ರ ಮಿಷನ್ನಿನ ಡ್ರಾಯರಿನಲ್ಲಿತ್ತು. ನೂಲಿನ ಉಂಡೆ ತೆಗೆಯುವಾಗಲೆಲ್ಲ ಕೈಗೆ ತಾಗುತ್ತಿತ್ತು. ಹರಿದು ಹಾಕಬೇಕು ಎಂದು ಅಂದುಕೊಂಡೆ, ಹರಿಯಲಿಲ್ಲ. ಇನ್ನೊಮ್ಮೆ ಓದಬೇಕು ಎಂದೂ ಅಂದುಕೊಂಡೆ, ಓದಲಿಲ್ಲ. ಒಮ್ಮೆ ಓದಿದ್ದೇ ಸಾಕಾಗಿತ್ತು.

ಮೊನ್ನೆ ಶುಕ್ರವಾರ ನಮ್ಮ ಫಾದರ್ ಬೊನಿಫಾಸ್ ಮನೆಗೆ ಬಂದಿದ್ದರು. ಮಂಡಿ ನೋವಿನ ಮನುಷ್ಯ, ಒಳಗೆ ಬಾರದೆ ಮೆಟ್ಟಿಲ ಮೇಲೆಯೇ ಕೂತರು. ನೀನು ಜಯ ಕೂಗದೆ ಇದ್ದದ್ದನ್ನು ನಾನು ಕಂಡಿದ್ದೇನೆ ಎಂದರು. ಹಾಗಾದರೆ ಹೇಳಿ, ಅರಸು ಆ ತೆರೆಯನ್ನು ಯಾಕೆ ಹಿಡಿಯಲಿಲ್ಲ ಎಂದು ಕೇಳಿಬಿಟ್ಟೆ. ನನಗೆ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎನ್ನುವ ಪಾದ್ರಿಯನ್ನು ನಾನು ಮೊದಲ ಸಲ ನೋಡಿದ್ದು. ಆಮೇಲೆ, ಆ ಕಿರೀಟ ನಾವು ಇಟ್ಟದ್ದು, ಏಸು ಹುಟ್ಟಿದ್ದು ದನದ ಹಟ್ಟಿಯಲ್ಲಿ, ಪೇಟೆಗೆ ಬಂದದ್ದು ಕತ್ತೆಯ ಮೇಲೆ, ಅದೂ ಯಾರದೋ ಕತ್ತೆ ಎಂದರು. ನಾನು ನಗಲಿಲ್ಲ. ಚಹಾ ಮಾಡಿಕೊಟ್ಟೆ. ಅವರು ಹೊರಡುವ ಮೊದಲು ಇನ್ನೊಂದು ಮಾತು ಕೇಳಿದರು, ಅದಕ್ಕೆ ನಾನು ಯೋಚಿಸದೆ ಉತ್ತರ ಕೊಟ್ಟೆ. ಅದಕ್ಕಾಗಿ ಈ ಪತ್ರ.

28ನೇ ತಾರೀಕು ಗುರುವಾರ ಸಂಜೆ ನಮ್ಮ ಚರ್ಚಿನಲ್ಲಿ ಕಾಲು ತೊಳೆಯುವ ಕ್ರಮವಿದೆ. ಅದಕ್ಕೆ ನಿಮ್ಮ ಯಜಮಾನರು ಗುಡ್ಡಣ್ಣ ಬರಬೇಕು. ಐದು ಗಂಟೆಯ ಒಳಗೆ ತಲುಪಲಿ. ನಾನು ಚರ್ಚಿನ ಬಾಗಿಲಲ್ಲಿ ಇರುತ್ತೇನೆ.

ಹೆಚ್ಚು ಬರೆಯಲು ಆಗುವುದಿಲ್ಲ, ಆಯಾಸವಾಗುತ್ತದೆ. ನಾಳೆ ಬೆಳಿಗ್ಗೆ ಇದನ್ನು ಪೋಸ್ಟಿಗೆ ಹಾಕುತ್ತೇನೆ.

ಸೆರಪಿನ್ ಬಾಯಿ


ಬೈಂದೂರು
21 ಮಾರ್ಚ್ 2002

ಬಾಯಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಇವತ್ತು ಬಂತು. ಇವರಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದರು, ಓದಿದೆ. ನಿಮ್ಮ ಚರ್ಚಿನಲ್ಲಿ, ಎಲ್ಲರ ಎದುರಿಗೆ ಇವರು ನಿಮ್ಮ ಕಾಲು ತೊಳೆಯಬೇಕು ಎಂದು ತಿಳಿದೆವು. ಇವರು ಕೂಡಲೇ ಒಪ್ಪಿದರು. "ಅಕ್ಕು. ನೂರ್ ಜನರದ್ದ್ ಆರೂ ತೊಳಿತೆ" ಎಂದರು. ಇಷ್ಟು ದಿನಗಳಲ್ಲಿ ಇವರ ಬಾಯಿಂದ ಬಂದ ಅತಿ ದೊಡ್ಡ ಮಾತು ಅದು. ಆ ಮೇಲೆ ಗಂಜಿ ಕೇಳಿ ಹಾಕಿಸಿಕೊಂಡರು. ಉಪ್ಪಿನಕಾಯಿಯನ್ನೂ ಕೇಳಿದರು.

ಅತ್ತೆಗೆ ಮಾತ್ರ ಸರಿ ಕಾಣಲಿಲ್ಲ. ತಂಡೇಲರ ಮನೆಯವನು ಪರ ಊರಿನಲ್ಲಿ, ಪರ ಜನರ ಕಾಲ ಬುಡದಲ್ಲಿ ಕೂರುವುದೇ ಎಂದು ಅತ್ತು ಕರೆದರು. ಇವರು "ಅಬ್ಬೆ, ಸುಮ್ನೆ ಕೂಕೋ. ಅಂವ ನನ್ ಮಾತ್ ಕೇಂಡೇ ಹೋದದ್ದ್" ಎಂದರು.

ಕೆಲವು ಸಂಗತಿ ಕೇಳಬೇಕಿತ್ತು. ತಂಬಿಗೆ ನಾವೇ ತರಬೇಕೋ, ಅಲ್ಲಿ ಕೊಡುತ್ತಾರೋ? ಬರೀ ನೀರೋ, ಅರಿಶಿನ ಬೇಕೋ? ಯಾವುದಕ್ಕೂ ಇರಲಿ ಎಂದು ನಮ್ಮ ತಾಮ್ರದ ತಂಬಿಗೆಯನ್ನು ಹುಳಿ ಹಾಕಿ ತಿಕ್ಕಿ ಇಟ್ಟಿದ್ದೇನೆ. ನನ್ನ ತಮ್ಮ ಗಣಪ ಜೊತೆಯಲ್ಲಿ ಬರುತ್ತಾನೆ. ನನಗೂ ಬರಬೇಕೆಂದಿತ್ತು. ಇವರು ಬೇಡ ಎಂದರು.

ಒಂದೇ ಒಂದು ಬೇಡಿಕೆ, ಯಾರೂ ಫೋಟೋ ತೆಗೆಯದಂತೆ ನೋಡಿಕೊಳ್ಳಿ.

ಕಮಲ


ಬ್ರಹ್ಮಾವರ
29 ಮಾರ್ಚ್ 2002, ಶುಭ ಶುಕ್ರವಾರ

ತಂಗಿ ಕಮಲನಿಗೆ,

ಮಧ್ಯಾಹ್ನ ಒಂದು ಗಂಟೆ. ಇವತ್ತು ಏಸು ಸತ್ತ ದಿನ, ಉಪವಾಸ. ಬೆಳಿಗ್ಗೆಯಿಂದ ನೀರು ಮಾತ್ರ ಕುಡಿದಿದ್ದೇನೆ. ಮೂರು ಗಂಟೆಗೆ ಚರ್ಚಿಗೆ ಹೋಗಬೇಕು, ಅಷ್ಟರೊಳಗೆ ಬರೆದು ಮುಗಿಸುತ್ತೇನೆ. ಗುಡ್ಡಣ್ಣ ನಿನಗೆ ಎಷ್ಟು ಹೇಳಿದ್ದಾರೋ ತಿಳಿಯದು.

ನಿನ್ನ ಪತ್ರ ಸೋಮವಾರವೇ ಬಂದಿತ್ತು. ನೀವು ತಿಳಿದದ್ದು ತಪ್ಪು. ಅವರು ಯಾರ ಕಾಲನ್ನೂ ತೊಳೆಯಬೇಕಾಗಿರಲಿಲ್ಲ. ಏಸು ಸಾಯುವ ಹಿಂದಿನ ದಿನ ಊಟಕ್ಕೆ ಕೂತಾಗ ತಮ್ಮ ಹನ್ನೆರಡು ಜನ ಶಿಷ್ಯರ ಕಾಲನ್ನು ತಾವೇ ತೊಳೆದರು. ಅದರ ನೆನಪಿಗೆ ಪ್ರತಿವರ್ಷ ಪಾದ್ರಿಗಳು ಹನ್ನೆರಡು ಜನ ಗಂಡಸರನ್ನು ಕುರ್ಚಿಯಲ್ಲಿ ಕೂರಿಸಿ ಅವರ ಕಾಲು ತೊಳೆಯುತ್ತಾರೆ. ಈ ವರ್ಷ ಲುದ್ವಿನನ ಸರದಿ ಇತ್ತು. ಅವನ ಕುರ್ಚಿಯಲ್ಲಿ ಯಾರು ಕೂರಬೇಕು ಎಂದು ಫಾದರ್ ಕೇಳಿದಾಗ ಗುಡ್ಡಣ್ಣನ ಹೆಸರು ಹೇಳಿದೆ. ಯಾಕೆ ಹೇಳಿದೆ ಎಂದು ಈಗಲೂ ಸರಿಯಾಗಿ ಗೊತ್ತಿಲ್ಲ. ಬೈಯುವುದಕ್ಕಿಂತ ಅದು ಕಡಿಮೆ ಶ್ರಮ ಎಂದು ಅನಿಸಿತೋ ಏನೋ.

ನಿನ್ನ ಪತ್ರ ಓದಿ, ತಪ್ಪು ತಿಳಿದಿದ್ದೀರಿ ಎಂದು ಹೇಳಲು ಎಸ್‌ಟಿಡಿ ಬೂತಿನವರೆಗೆ ಹೋದೆ. ನಿಮ್ಮ ನೆರೆಯ ಅಂಗಡಿಯ ನಂಬರು ಲುದ್ವಿನ ಕೊಟ್ಟದ್ದು ನನ್ನಲ್ಲಿತ್ತು. ಫೋನು ಮಾಡದೆ ತಿರುಗಿ ಬಂದೆ. ಹಾಗೆಯೇ ತಿಳಿದುಕೊಂಡು ಬರಲಿ, ತಲೆ ಬಗ್ಗಿಸಿಕೊಂಡು ಬರಲಿ ಎಂದು ನನಗೆ ಬೇಕಾಗಿತ್ತು. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ನಮ್ಮವರಲ್ಲಿ ಕೆಲವರಿಗೆ ಮನಸ್ಸಿರಲಿಲ್ಲ. ಬಾಗಿಲಲ್ಲಿ ಮೊಂತು ಎನ್ನುವ ಮುದುಕ, ಹನ್ನೆರಡು ಜನರಲ್ಲಿ ಒಬ್ಬ ಯೂದ ಇರಲೇಬೇಕಲ್ಲ, ಈಗ ಲೆಕ್ಕ ಸರಿಯಾಯಿತು ಎಂದ. ಯೂದ ಎಂದರೆ ಏಸುವನ್ನು ಹಗೆಗಳ ಕೈಗೆ ಹಿಡಿದುಕೊಟ್ಟ ಶಿಷ್ಯ. ಫಾದರ್ ಅದನ್ನು ಕೇಳಿಸಿಕೊಂಡು, ಏಸು ಅವನ ಕಾಲನ್ನೂ ತೊಳೆದಿದ್ದರಲ್ಲ ಮೊಂತು ಎಂದು ಹೇಳಿ ಒಳಗೆ ಹೋದರು. ಆ ಕತೆಯನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬಂದವಳು. ಯೂದನೂ ಆ ಸಾಲಿನಲ್ಲಿ ಕೂತಿದ್ದ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ನಿನಗೆ ನಗು ಬರುವ ಒಂದು ಸಂಗತಿ ಹೇಳುತ್ತೇನೆ. ನಮ್ಮ ಗಂಡಸರು ಕಾಲು ತೊಳೆಸಿಕೊಳ್ಳಲು ಬರುವ ಮೊದಲು ಮನೆಯಲ್ಲಿ ತೆಂಗಿನ ನಾರಿನಿಂದ ತಿಕ್ಕಿ, ಸಾಬೂನು ಹಾಕಿ ತೊಳೆದು, ಉಗುರು ಕತ್ತರಿಸಿ, ಹೊಸ ಚಪ್ಪಲಿ ಹಾಕಿಕೊಂಡು ಬರುತ್ತಾರೆ. ಪಾದ್ರಿಗಳಿಗೆ ಕೊಳೆ ಕಾಲು ಕೊಡುವುದು ಹೇಗೆ ಎಂದು. ಹನ್ನೊಂದು ಜೊತೆ ಕಾಲುಗಳಿಂದ ಗಂಧದ ಸಾಬೂನಿನ ವಾಸನೆ ಬರುತ್ತಿತ್ತು. ಗುಡ್ಡಣ್ಣನ ಕಾಲಿಗೆ ಬಸ್ ಸ್ಟ್ಯಾಂಡಿನಿಂದ ನಡೆದು ಬಂದ ಧೂಳು, ಹಿಮ್ಮಡಿ ಒಡೆದಿತ್ತು. ತೊಳೆಯುವಂಥ ಕಾಲು ಅದೊಂದೇ.

ಕೊನೆಯ ಕುರ್ಚಿ ತೋರಿಸಿದಾಗ ಅವರು ಕೂರಲಿಲ್ಲ. "ನಾ ಕೂಕಂಬುಕೆ ಬಂದದ್ದಲ್ಲ" ಎಂದು, ಬೈರಾಸಿನಲ್ಲಿ ಸುತ್ತಿದ ತಂಬಿಗೆಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದರು. ಫಾದರ್ ಮೇಲಿನ ಉಡುಪು ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಒಬ್ಬೊಬ್ಬರ ಮುಂದೆ ಮಂಡಿಯೂರುತ್ತ, ಏಳುತ್ತ ಬಂದರು. ಹನ್ನೊಂದನೆಯವನ ಹತ್ತಿರ ಏಳಲು ಆಗಲಿಲ್ಲ. ಮಂಡಿಯಲ್ಲೇ ಸರಿಯುತ್ತ ಗುಡ್ಡಣ್ಣನ ಕಡೆಗೆ ಬಂದರು. ಗುಡ್ಡಣ್ಣ ತಂಬಿಗೆ ಕೆಳಗಿಟ್ಟು ಅವರ ಎರಡೂ ತೋಳು ಹಿಡಿದರು, ನೀರಿನಿಂದ ಬೋಟಿಗೆ ಜನರನ್ನು ಎತ್ತಿಕೊಳ್ಳುವ ಹಾಗೆ.

"ಏಳಿ, ನಿಮ್ ಮಂಡಿ ನೋಯತ್."

"ನೀವ್ ಕೂಕಂಡ್ರೆ ನಾ ಬೇಗ ಏಳ್ತೆ ಮಾರಾಯ್ರೆ" ಎಂದರು ಫಾದರ್.

ಅವರು ಕೂತರು.

ನಾನು ಹೆಂಗಸರ ಸಾಲಿನಲ್ಲಿ ಮುಂದೆಯೇ ಇದ್ದೆ. ಫಾದರ್ ಕಾಲು ತೊಳೆದರು, ಒರೆಸಿದರು, ಬಗ್ಗಿ ಮುತ್ತಿಟ್ಟರು. ಗುಡ್ಡಣ್ಣ ಆ ಮುದುಕರ ನೆತ್ತಿಯನ್ನೇ ನೋಡುತ್ತಿದ್ದರು. ಗುಡ್ಡಣ್ಣನ ತಲೆ ಬಗ್ಗುವುದನ್ನು ನೋಡಲು ಬಂದವಳು ನಾನು. ಬಗ್ಗಿದ್ದು ಬೇರೆಯವರ ತಲೆ. ಈ ವಾರಗಳಲ್ಲಿ ಚರ್ಚಿನ ಮೂರ್ತಿಗಳಿಗೆಲ್ಲ ನೇರಳೆ ಬಟ್ಟೆ ಮುಚ್ಚಿರುತ್ತಾರೆ, ಕಿರೀಟ ಕಾಣುವುದಿಲ್ಲ. ಅರಸನ ಹತ್ತಿರ ಕೇಳಬೇಕೆಂದು ನಾನು ಕೂಡಿಟ್ಟದ್ದು ಬಹಳ ಇದೆ. ಎತ್ತರದಲ್ಲಿ ನಿಂತವನಾದರೆ ಕೇಳಬಹುದು. ನೆಲದಲ್ಲಿ ಕೂತು ಇನ್ನೊಬ್ಬನ ಹಿಮ್ಮಡಿ ಒರೆಸುವವನ ಹತ್ತಿರ ಏನು ಕೇಳಲಿ? ನನ್ನ ಮಗನನ್ನು ಏಸು ಮೇಲೆ ಎತ್ತಲಿಲ್ಲ. ಆದರೆ ಅವನ ಜೊತೆ ಕೆಳಗೆ ಇದ್ದಿರಬಹುದು, ಆ ಕತ್ತಲೆಯಲ್ಲಿ, ಇಂಜಿನಿನ ಹತ್ತಿರ, ಎಂದು ಮೊದಲ ಸಲ ಅನಿಸಿತು. ಅವನು ಒಬ್ಬನೇ ಇದ್ದ ಎನ್ನುವುದೇ ನನ್ನನ್ನು ಇಷ್ಟು ದಿನ ತಿನ್ನುತ್ತಿತ್ತು.

ಮನೆಗೆ ಬಂದ ಮೇಲೆ ಗುಡ್ಡಣ್ಣ ತಂಬಿಗೆ ಬಿಚ್ಚಿ ನನ್ನ ಕಾಲಿನ ಕಡೆ ನೋಡಿದರು. ಬೇಡ ಎಂದೆ. "ಒಂದ್ ಮಾತ್ ಬೈದ್ ಬಿಡಿ ಬಾಯಮ್ಮ" ಎಂದರು. ಅನ್ನ ಆರುತ್ತದೆ, ಕೂತುಕೊಳ್ಳಿ ಎಂದೆ. ಲುದ್ವಿನ ಕೂರುತ್ತಿದ್ದ ಮಣೆ ಕೊಡಲಿಲ್ಲ, ಅಷ್ಟು ನನ್ನಿಂದ ಆಗಲಿಲ್ಲ. ಬೇರೆ ಮಣೆ ಹಾಕಿದೆ. ಅವರೂ ಗಣಪನೂ ಎರಡು ಸಲ ಬಡಿಸಿಕೊಂಡರು. ಸಾರಿಗೆ ಹುಳಿ ಸರಿ ಇತ್ತೇ ಎಂದು ನೀನೇ ಕೇಳಿ ನೋಡು.

ನಾಳೆ ಚರ್ಚು ಗುಡಿಸಲು ನಮ್ಮ ವಾರ್ಡಿನವರ ಸರದಿ.

ಸೆರಪಿನ್ ಬಾಯಿ


ಬೈಂದೂರು
5 ಏಪ್ರಿಲ್ 2002

ಬಾಯಮ್ಮನಿಗೆ,

ಪತ್ರ ಓದಿ ನಗು ಬಂತು, ಅಳುವೂ ಬಂತು. ಇವರು ನನಗೆ ಹೇಳಿದ್ದು ಇಷ್ಟೇ: "ಅಲ್ಲ್ ಬೇರೆ ಕ್ರಮ. ನಂದೇ ತೊಳ್ದ್ರ್." ಹೇಳಿ ಮಲಗಿದವರು ಮಾತ್ರೆ ಇಲ್ಲದೆ ಬೆಳಗಿನವರೆಗೆ ನಿದ್ದೆ ಮಾಡಿದರು.

ಈಗ ಕಡಲಿಗೆ ಹೋಗುತ್ತೇನೆ ಎನ್ನುತ್ತಾರೆ. ತಂಡೇಲನಾಗಿ ಅಲ್ಲ. ಇನ್ನೊಬ್ಬರಿಗೆ ಹೋಪ ಎಂದು ಹೇಳುವ ಕೆಲಸ ನನಗೆ ಬೇಡ ಎಂದರು. ಭೋಜರಾಜನ ಬೋಟಿನಲ್ಲಿ ಬಲೆ ಎಳೆಯಲು ಹೋಗುತ್ತಾರೆ. ಭೋಜರಾಜ ಇವರ ಕೈಕೆಳಗೆ ಕೆಲಸ ಕಲಿತವನು. ಅವನಿಗೇ ನಾಚಿಕೆ, "ಹ್ವಾಯ್, ನಿಮ್ಗೆ ನಾ ಕೆಲ್ಸ ಹೇಳುದಾ?" ಎಂದು ಮನೆಗೆ ಬಂದು ಕೇಳಿಹೋದ. ಅತ್ತೆ ಮತ್ತೆ ಶುರು ಮಾಡಿದರು, ತಂಡೇಲನಾಗಿದ್ದವನು ಬಲೆ ಎಳೆಯುವುದೇ ಎಂದು. ಇವರು, "ಆ ಮುದಿ ಪಾದ್ರಿ ನೆಲ್ದಲ್ ಕೂಕಂಡದ್ ನೀ ಕಂಡಿಲ್ಲೆ ಅಬ್ಬೆ" ಎಂದರು.

ಹತ್ತನೇ ತಾರೀಕು ಬುಧವಾರ ಬೆಳಗಿನ ಜಾವ ಹೊರಡುವುದು. ಅದೇ ಅಳಿವೆ ದಾಟಬೇಕು. ನನಗೆ ಹೋಗಿ ಎನ್ನಲೂ ಹೆದರಿಕೆ, ಬೇಡ ಎನ್ನಲೂ ಹೆದರಿಕೆ.

ನಿಮ್ಮ
ಕಮಲ


ಬ್ರಹ್ಮಾವರ
9 ಏಪ್ರಿಲ್ 2002, ಮಂಗಳವಾರ

ತಂಗಿ ಕಮಲ,

ಸಂಜೆ ಏಳು ಗಂಟೆ. ದಿನವಿಡೀ ಶಾಲೆಯ ಯೂನಿಫಾರ್ಮಿನ ಬಟ್ಟೆ ಕತ್ತರಿಸಿದೆ, ಬೆರಳು ಮಡಚಲು ಬರುವುದಿಲ್ಲ. ನಿನ್ನ ಪತ್ರ ಮಧ್ಯಾಹ್ನ ಸಿಕ್ಕಿತು. ಇದು ನಿನ್ನ ಕೈಗೆ ಸಿಗುವಾಗ ಅವರು ಹೋಗಿ ಬಂದಿರಬೇಕು.

ಕ್ಷಮಿಸಿದ್ದೇನೆ ಎಂದು ನಾನು ಅವರಿಗೆ ಹೇಳಲಿಲ್ಲ. ಈಗಲೂ ಹೇಳಲು ಬರುವುದಿಲ್ಲ. ಈಸ್ಟರ್ ದಿನ ನೆರೆಮನೆಯ ಹುಡುಗ ಹೊಸ ಅಂಗಿ ಹಾಕಿಕೊಂಡು ಸ್ಕೂಟರ್ ಹತ್ತುವುದನ್ನು ಕಂಡಾಗ ಸಿಟ್ಟು ಹಾಗೆಯೇ ತಿರುಗಿ ಬಂತು. ಸ್ವಲ್ಪ ಹೊತ್ತು ಇದ್ದು ಹೋಯಿತು. ಮೊದಲು ಹೋಗುತ್ತಿರಲಿಲ್ಲ.

ನೀನು ಹೆದರಿಕೆ ಎಂದು ಬರೆದಿದ್ದೀಯ. ನನಗೂ ಹೆದರಿಕೆ. ಗುಡ್ಡಣ್ಣನಿಗಾಗಿ ನಾನು ಹೆದರುವ ದಿನ ಬರುತ್ತದೆ ಎಂದು ಯಾರಾದರೂ ನನಗೆ ಕಳೆದ ವರ್ಷ ಹೇಳಿದ್ದರೆ ಅಂಗಳದಿಂದ ಎಬ್ಬಿಸಿ ಕಳುಹಿಸುತ್ತಿದ್ದೆ.

ಪತ್ರ ಓದಿ ಮುಗಿಸಿ, ಕತ್ತರಿ ಕೆಳಗಿಟ್ಟು ಫಾದರ್ ಹತ್ತಿರ ಹೋಗಿ ಬಂದೆ. ಯಾರಿಗಾಗಿ ಪ್ರಾರ್ಥನೆ ಎಂದು ಪೂಜೆಯ ಮೊದಲು ಹೆಸರು ಓದುವ ಕ್ರಮ ನಮ್ಮಲ್ಲಿದೆ. ಸತ್ತವರದೋ ಬದುಕಿರುವವರದೋ ಎಂದು ಕೇಳಿದರು. ಒಂದು ಸತ್ತವನದು, ಒಂದು ಬದುಕಿರುವವರದು ಎಂದೆ.

ನಾಳೆ ಪೂಜೆ ಬೆಳಿಗ್ಗೆ ಆರು ಗಂಟೆಗೆ. ಲುದ್ವಿನನ ಹೆಸರಿನ ನಂತರ ಗುಡ್ಡಣ್ಣನ ಹೆಸರು ಓದುತ್ತಾರೆ.

ಸೆರಪಿನ್